ದೇವರ ಪಾಲಿನ ಹತ್ತು ಚೀಲ

"ಅಯ್ಯನವರೇ, ವಿಶ್ವಾಸ ಬಾಯಲ್ಲಿದ್ದರೆ ಸಾಲದು, ನಡತೆಯಲ್ಲಿ ಕಾಣಬೇಕು ಅನ್ನುತ್ತೀರಿ. ಸರಿ. ಎಷ್ಟು ದೊಡ್ಡ ಕೆಲಸ ಮಾಡಿದರೆ ಅದು ಕಂಡ ಹಾಗಾಯಿತು?"

ಹೀಗೆ ಕೇಳಿದವನು ನಾನು. ಕೇಳುವಾಗಲೇ ಉತ್ತರ ನನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ನಾಲ್ಕು ಜನರ ಎದುರು ಕೇಳುವ ಚಾಳಿ ನನಗಿಲ್ಲ. ಬರುವ ಭಾನುವಾರ ನಮ್ಮ ಚರ್ಚಿನ ಸಭೆಯ ಹಿರಿಯರು ಪಕ್ಕದ ಹಳ್ಳಿಗೆ ಒಬ್ಬ ಉಪದೇಶಿಯನ್ನು ಆರಿಸುವವರಿದ್ದರು. ಹಿರಿಯರು ಪಾದ್ರಿ ಯೋಬಪ್ಪ ಅಯ್ಯನವರ ಮಾತನ್ನು ಮೀರುವವರಲ್ಲ. ಅಯ್ಯನವರ ಬಳಿ ಸತ್ಯವೇದ ಕಲಿಯುತ್ತಿದ್ದ ಆರು ಜನರಲ್ಲಿ ಕೀರ್ತನೆಗಳನ್ನು ಪುಸ್ತಕ ಮುಟ್ಟದೆ ಹೇಳಬಲ್ಲವನು ನಾನೊಬ್ಬನೇ. ಬೆದರಿದ ಹೋರಿಯನ್ನು ಕೊಂಬು ಹಿಡಿದು ನಿಲ್ಲಿಸಬಲ್ಲವನೂ ನಾನೊಬ್ಬನೇ. ಆದರೂ ಅಯ್ಯನವರು ಇದುವರೆಗೆ ನನ್ನ ಹೆಸರು ಎತ್ತಿರಲಿಲ್ಲ. ಮೂರು ದಿನದಿಂದ ನನಗೆ ಊಟ ಸೇರುತ್ತಿರಲಿಲ್ಲ.

ಅಯ್ಯನವರು ಕನ್ನಡಕ ತೆಗೆದು ಕೆಳಗಿಟ್ಟರು.

"ನಿನಗೆ ಎಷ್ಟು ದೊಡ್ಡದು ಬೇಕು, ಗಿದ್ಯೋನಾ?"

"ಜೀವ ಕೊಡುವಷ್ಟು."

ಪಕ್ಕದಲ್ಲಿ ಕೂತಿದ್ದ ಸೀಲಪ್ಪ, "ಮೊದಲು ನನ್ನಿಂದ ಒಯ್ದ ಕುಡುಗೋಲು ವಾಪಸು ಕೊಡು. ಜೀವ ಆಮೇಲೆ ಕೊಡುವಿಯಂತೆ" ಎಂದ. ಎಲ್ಲರೂ ನಕ್ಕರು. ಅಯ್ಯನವರು ನಗಲಿಲ್ಲ. ಅವರು ಈ ಕತೆ ಹೇಳಿದರು.

ಒಬ್ಬ ರೈತನಿದ್ದ. ಯೇಸುವನ್ನು ನಂಬಿ ನಡೆಯುವವನು. ಕುಡಿತ ಬಿಟ್ಟಿದ್ದ. ನೆರೆಯವರ ಬದು ಒತ್ತಿ ಉಳುತ್ತಿರಲಿಲ್ಲ. ಆಳುಗಳು ಉಣ್ಣುವ ಮುಂಚೆ ತಾನು ಉಣ್ಣುತ್ತಿರಲಿಲ್ಲ. ಅವನನ್ನು ಕೆಟ್ಟವನೆಂದು ಯಾರೂ ಹೇಳಿದ್ದಿಲ್ಲ. ನಾನೂ ಹೇಳುವುದಿಲ್ಲ.

ಅವನ ಹಿತ್ತಲಲ್ಲಿ ಒಂದು ಹಗೇವು ಇತ್ತು. ನಿಮ್ಮಲ್ಲಿ ಕೆಲವರು ಹಗೇವನ್ನು ನೋಡಿರಲಿಕ್ಕಿಲ್ಲ. ಅದು ನೆಲದೊಳಗೆ ಕೊಡದ ಆಕಾರದಲ್ಲಿ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಜೋಳ ತುಂಬಿ, ಬಾಯಿಗೆ ಕಲ್ಲು ಎಳೆದು, ಮೇಲೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ಆದರೆ ಒಳಗಿನ ಗಾಳಿ ಕೆಡುತ್ತದೆ. ಅದಕ್ಕೇ ಕಲ್ಲು ತೆಗೆದ ಮೇಲೆ ಒಂದು ದಿನ ಬಾಯಿ ತೆರೆದಿಡುತ್ತಾರೆ. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸುತ್ತಾರೆ. ದೀಪ ಉರಿದರೆ ಮನುಷ್ಯ ಇಳಿಯುತ್ತಾನೆ. ಆರಿದರೆ ಇಳಿಯುವುದಿಲ್ಲ. ಇದು ಯಾರೂ ಬರೆದಿಟ್ಟ ಕಟ್ಟಳೆಯಲ್ಲ. ಸತ್ತವರನ್ನು ನೋಡಿ ಕಲಿತದ್ದು.

ಆ ವರ್ಷ ಆಲಿಕಲ್ಲು ಬಿದ್ದು ಊರ ಕೆಳಗಿನ ಹೊಲಗಳಲ್ಲಿ ಬೆಳೆ ನೆಲಕ್ಕೆ ಮಲಗಿತು. ಸಭೆಗೆ ಸೇರಿದ ಒಂಬತ್ತು ಮನೆಗಳಲ್ಲಿ ಒಲೆ ಹೊತ್ತುವುದು ಕಷ್ಟವಾಯಿತು. ಶುಕ್ರವಾರ ಸಂಜೆಯ ಪ್ರಾರ್ಥನೆಯಲ್ಲಿ ಒಬ್ಬ ವ್ಯಾಪಾರಿ ಎದ್ದು ನಿಂತ. ಭಾನುವಾರ ಸುಗ್ಗಿಯ ಸ್ತೋತ್ರಾರಾಧನೆಗೆ ಆ ಮನೆಗಳವರಿಗಾಗಿ ಐದು ಚೀಲ ಜೋಳ ತರುತ್ತೇನೆ ಎಂದ. ಅವನು ಕೂರುವ ಮೊದಲೇ ರೈತ ಎದ್ದು ಹತ್ತು ಚೀಲ ಎಂದ. ಜನ ದೇವರಿಗೆ ಸ್ತೋತ್ರ ಎಂದರು.

ಕೆಲಸ ಒಳ್ಳೆಯದೇ. ಹಸಿದವರಿಗೆ ಅನ್ನ ಕೊಡುವುದು ಪ್ರಭು ಹೇಳಿದ ಕೆಲಸ. ಅದರಲ್ಲಿ ನಾನು ಹುಳುಕು ಹುಡುಕುವುದಿಲ್ಲ.

ಶನಿವಾರ ಬೆಳಿಗ್ಗೆ ರೈತ ಹಗೇವಿನ ಕಲ್ಲು ತೆಗೆಸಿದ. ಅರ್ಧ ಕಾಳನ್ನು ಮೂರು ತಿಂಗಳ ಹಿಂದೆಯೇ ಎತ್ತಿ ಮತ್ತೆ ಮುಚ್ಚಿದ್ದರು. ಉಳಿದ ಕಾಳು ಎರಡಾಳು ಆಳದಲ್ಲಿತ್ತು. ಇಳಿಯಬೇಕಾದವನು ಒಬ್ಬ ಆಳು, ಹನ್ನೆರಡು ವರ್ಷದಿಂದ ಆ ಮನೆಯಲ್ಲಿ ದುಡಿಯುತ್ತಿದ್ದವನು. ಕಾಳು ಹಸನು ಮಾಡಲು ಅವನ ಹೆಂಡತಿ ಮೊರ ಹಿಡಿದು ಬಂದಿದ್ದಳು. ಹಗ್ಗ ಎಳೆಯಲು ಇಬ್ಬರಿದ್ದರು.

ಆಳು ಹಗೇವಿನ ಬಾಯಿಗೆ ಮುಖ ಒಡ್ಡಿದ. ಕೂಡಲೇ ಹಿಂದೆ ಸರಿದ.

"ಗೌಡ್ರ, ಕಾವು ಮುಖಕ್ಕ ಹೊಡೀತೈತಿ. ನಾಳೆ ತನಕ ಬಿಡೋಣೇನ್ರಿ?"

"ನಾಳೆ ಆರಾಧನೆ ಐತಿ. ಇವತ್ತು ಹೊತ್ತು ಮುಳುಗೂದ್ರಾಗ ಜೋಳ ಚರ್ಚು ಮುಟ್ಟಬೇಕು."

"ಹಂಗಾದ್ರ ಒಂದು ದೀಪರೆ ಇಳಿಸೋಣ್ರಿ."

"ನೀ ದೀಪ ಇಳಸು, ಅದು ಆರ್ಲಿ, ಆಮ್ಯಾಲ ಕಟ್ಟಿ ಮ್ಯಾಲ ಕೂತು ಬೀಡಿ ಸೇದು. ನನಗ ಗೊತ್ತಿಲ್ಲೇನು ನಿನ್ನ ಆಟ? ಇದು ದೇವರ ಕೆಲಸ. ದೇವರು ಕಾಯ್ತಾನ. ಇಳಿ."

ಹಗ್ಗ ಹಿಡಿದವರಲ್ಲಿ ಒಬ್ಬ, "ಲೇ, ಇಳಿ. ಮೂರು ತಿಂಗಳ ಹಿಂದ ಇಳಿದಾಗ ಹಗೇವು ನಿನ್ನ ನುಂಗಿತ್ತೇನು?" ಎಂದ.

ಆಳು ಹೆಂಡತಿಯ ಕಡೆ ನೋಡಿದ. ಧಣಿ ದೇವರ ಹೆಸರು ಹೇಳಿದ ಮೇಲೆ ಆಳಾದವನು ಏನು ಹೇಳಬೇಕು? ಅವನು ಹಗ್ಗ ಹಿಡಿದು ಇಳಿದ.

ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ಬುಟ್ಟಿ ತುಂಬಿದಾಗಲೆಲ್ಲ ಅವನು ಒಳಗಿನಿಂದ "ಎಳೀರಿ" ಎಂದು ಕೂಗಬೇಕು. ಮೊದಲ ಬುಟ್ಟಿ ಬಂತು. ಎರಡನೆಯದು ಬಂತು. ಮೂರನೆಯ ಸಲ ಕೂಗು ಸಣ್ಣದಾಗಿತ್ತು. ಬುಟ್ಟಿ ಮೇಲೆ ಬಂದಾಗ ಅದರಲ್ಲಿ ಅರ್ಧ ಕಾಳೂ ಇರಲಿಲ್ಲ.

"ಯಾಕ ಅರ್ಧ ಐತಿ?" ಎಂದಳು ಹೆಂಡತಿ.

"ಮೈಗಳ್ಳತನ" ಎಂದ ರೈತ.

ನಾಲ್ಕನೆಯ ಸಲ ಬುಟ್ಟಿ ಇಳಿಯಿತು. ಕೂಗು ಬರಲಿಲ್ಲ. ಅವರು ಕಾದರು. ಹಗ್ಗ ಅಲುಗಲಿಲ್ಲ. ಎಳೆದು ನೋಡಿದರು. ಬುಟ್ಟಿ ಹಗುರವಾಗಿ ಮೇಲೆ ಬಂತು. ಖಾಲಿ ಇತ್ತು.

ಹೆಂಡತಿ ಮೊರ ಬಿಸಾಡಿ ಹಗೇವಿನ ಬಾಯಿಯ ಬಳಿ ಬೋರಲು ಮಲಗಿದಳು. ತಲೆಯನ್ನು ಒಳಗೆ ಚಾಚಿದಳು.

"ಓ ಅನ್ರಿ. ಕೇಳಸ್ತೈತೇನ್ರಿ? ಒಮ್ಮೆ ಓ ಅನ್ರಿ, ಸಾಕು."

ಒಳಗಿನಿಂದ ಅವಳ ದನಿಯೇ ಅವಳಿಗೆ ತಿರುಗಿ ಬಂತು.

ರೈತ ಮೊಣಕಾಲೂರಿ ಗಟ್ಟಿಯಾಗಿ ಪ್ರಾರ್ಥನೆ ಮಾಡತೊಡಗಿದ. ಹಗ್ಗ ಹಿಡಿದ ಇಬ್ಬರೂ ಕಣ್ಣು ಮುಚ್ಚಿದರು. ಆ ಪ್ರಾರ್ಥನೆ ಸುಳ್ಳಿನದಲ್ಲ. ಅವನು ಅಳುತ್ತಿದ್ದ. ಆದರೆ ಆ ಹೆಣ್ಣುಮಗಳು ಎದ್ದು ಬಂದು ಅವನ ಭುಜ ಹಿಡಿದು ಅಲುಗಿಸಿದಳು.

"ಗೌಡ್ರ, ದೇವರು ಕಾಯ್ತಾನ ಅಂದ್ರಿ. ಇಳೀರಿ."

ರೈತ ಕಣ್ಣು ತೆರೆದ. ಅವಳನ್ನು ನೋಡಿದ. ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡ. ಹೌದು, ಕಟ್ಟಿಕೊಂಡ. ಅದನ್ನು ಮುಚ್ಚಿಟ್ಟು ಕತೆ ಹೇಳಿದರೆ ಅವನಿಗೆ ಅನ್ಯಾಯವಾಗುತ್ತದೆ. ಅವನು ಹಗೇವಿನ ಅಂಚಿನಲ್ಲಿ ಕೂತು ಕಾಲು ಒಳಗೆ ಬಿಟ್ಟ. ಕಾವು ಅವನ ಅಂಗಾಲಿಗೆ ತಾಕಿತು.

"ಮೊದಲು ಒಂದು ದೀಪ ತರ್ರಿ" ಎಂದ.

ಮನೆಯೊಳಗಿಂದ ಕಂದೀಲು ತಂದರು. ಹಚ್ಚಿದರು. ಇಳಿಸಿದರು. ಮೊಳದಷ್ಟು ಇಳಿದಾಗ ಉರಿ ಸಣ್ಣದಾಯಿತು. ಮತ್ತೆರಡು ಮೊಳಕ್ಕೆ ಆರಿಹೋಯಿತು.

ರೈತ ಕಾಲನ್ನು ಹೊರಗೆ ತೆಗೆದ.

ಯಾರೂ ಅವನನ್ನು ಬೈಯಲಿಲ್ಲ. ಬೈಯಲು ಆಳಿನ ಹೆಂಡತಿಗೆ ಹೊತ್ತಿರಲಿಲ್ಲ. ಅವಳು ಒಂದು ಕಂಬಳಿಯನ್ನು ದನ ಕುಡಿಯುವ ನೀರಿನಲ್ಲಿ ಅದ್ದಿದಳು. ಅದನ್ನು ಹಗ್ಗಕ್ಕೆ ಕಟ್ಟಿ, ಹಗೇವಿನೊಳಗೆ ಬಿಟ್ಟು ಎಳೆಯಿರಿ, ಬಿಟ್ಟು ಎಳೆಯಿರಿ ಎಂದಳು. ಕೆಟ್ಟ ಗಾಳಿ ಕದಡಿ ಹೊರಗೆ ಬರಲಿ ಎಂದು. ಅವರು ಹಾಗೇ ಮಾಡಿದರು. ಅಷ್ಟರಲ್ಲಿ ಅವಳು ರೈತನ ಸೊಂಟದ ಹಗ್ಗ ಬಿಚ್ಚಿ ತನ್ನ ಸೊಂಟಕ್ಕೆ ಬಿಗಿದಳು. ಒದ್ದೆ ಸೆರಗನ್ನು ಬಾಯಿಗೆ ಸುತ್ತಿದಳು. ಇನ್ನೊಂದು ಹಗ್ಗದ ತುದಿಯನ್ನು ಕೈಯಲ್ಲಿ ಹಿಡಿದಳು.

"ಐವತ್ತು ಎಣಸ್ರಿ. ನಾ ಕೂಗ್ಲಿ ಬಿಡ್ಲಿ, ಐವತ್ತಕ್ಕ ಎಳೀರಿ."

ಅವಳು ಇಳಿದಳು. ಎಣಿಸಿದವನು ರೈತ. ಕೀರ್ತನೆಗಳೆಲ್ಲ ಬಾಯಿಪಾಠ ಇದ್ದ ಮನುಷ್ಯನಿಗೆ ಇಪ್ಪತ್ತೇಳರ ಮುಂದಿನ ಸಂಖ್ಯೆ ಯಾವುದೆಂದು ಮರೆತುಹೋಯಿತು. ಪಕ್ಕದವನು ಹೇಳಿಕೊಟ್ಟ. ಮೂವತ್ತು. ಒಳಗಿನಿಂದ ಸದ್ದಿಲ್ಲ. ನಲವತ್ತು. ಕೈಯಲ್ಲಿದ್ದ ಹಗ್ಗ ಒಮ್ಮೆ ಜಗ್ಗಿತು, ಸಡಿಲವಾಯಿತು. ಅದು ಅವಳು ಎಳೆದದ್ದೋ ಬಿದ್ದದ್ದೋ ತಿಳಿಯಲಿಲ್ಲ. ನಲವತ್ತಾರಕ್ಕೆ ಅವನಿಂದ ತಡೆಯಲಾಗಲಿಲ್ಲ. ಮೂವರೂ ಎಳೆದರು.

ಅವಳು ಬಂದಳು. ಒಬ್ಬಳೇ ಬಂದಳು.

ನೆಲಕ್ಕೆ ಬಿದ್ದು ಉಸಿರಿಗೆ ಬಾಯಿ ಬಿಟ್ಟಳು. ಇನ್ನೂ ಹಗೇವಿನೊಳಗೇ ಇದ್ದ ಎರಡನೆಯ ಹಗ್ಗವನ್ನು ಕೈಯಿಂದ ತೋರಿಸಿದಳು. ಅದನ್ನು ಎಳೆದರು. ಅದು ಭಾರವಾಗಿತ್ತು. ಅದರ ತುದಿಗೆ ಕಂಕುಳಲ್ಲಿ ಗಂಟು ಬಿಗಿಸಿಕೊಂಡು ಆಳು ಮೇಲೆ ಬಂದ. ಅವನ ತುಟಿ ಕಪ್ಪಾಗಿತ್ತು. ಕಣ್ಣು ಅರ್ಧ ತೆರೆದಿತ್ತು.

ಮುಖಕ್ಕೆ ನೀರು ಹೊಡೆದರು. ಎದೆ ಉಜ್ಜಿದರು. ಮೊರದಿಂದ ಗಾಳಿ ಹಾಕಿದರು. ಬಹಳ ಹೊತ್ತು ಏನೂ ಆಗಲಿಲ್ಲ. ಹೆಂಡತಿ ಅವನ ಮೂಗಿನ ಬಳಿ ಬೆರಳು ಹಿಡಿದು ಕೂತಿದ್ದಳು. ಅವಳ ಮುಖ ನೋಡುವ ಧೈರ್ಯ ಅಲ್ಲಿದ್ದ ಯಾರಿಗೂ ಇರಲಿಲ್ಲ. ಕೊನೆಗೆ ಅವನ ಗಂಟಲಲ್ಲಿ ಗೊರಗೊರ ಎಂದಿತು. ಕೆಮ್ಮಿದ. ಬದುಕಿದ.

ರೈತ ತಲೆಯ ರುಮಾಲು ತೆಗೆದು ಅವಳ ಮುಂದೆ ಕೂತ.

"ತಪ್ಪಾತವ್ವಾ" ಎಂದ.

ಅವಳು ಗಂಡನ ಮುಖ ಒರೆಸುತ್ತಲೇ ಹೇಳಿದಳು:

"ಕಲ್ಲು ಮುಚ್ಚಬ್ಯಾಡ್ರಿ. ಗಾಳಿ ಆಡ್ಲಿ. ನಾಳೆ ದೀಪ ಇಳಿಸಿ ನೋಡಿ ಕಾಳು ಎತ್ರಿ. ಆ ಒಂಬತ್ತು ಮನ್ಯಾಗ ನಮ್ಮದೂ ಒಂದೈತಿ."

ಅಯ್ಯನವರು ಇಲ್ಲಿಗೆ ನಿಲ್ಲಿಸಿದರು. ಸೀಲಪ್ಪ ತಲೆ ತಗ್ಗಿಸಿ ಕೂತಿದ್ದ. ಯಾರಾದರೂ ಒಬ್ಬರು ಮಾತಾಡಬೇಕಿತ್ತು. ಆ ಒಬ್ಬ ಯಾವಾಗಲೂ ನಾನೇ.

"ಹೇಡಿ ಆ ರೈತ" ಎಂದೆ. "ನಾನಾಗಿದ್ದರೆ ದೀಪ ಕೇಳುತ್ತಿರಲಿಲ್ಲ, ಅಯ್ಯನವರೇ. ಕಾಲಿಟ್ಟ ಮೇಲೆ ಇಳಿದೇ ಬಿಡುತ್ತಿದ್ದೆ. ಹೆಂಗಸನ್ನು ಇಳಿಸುತ್ತಿರಲಿಲ್ಲ. ಆ ಆಳನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದೆ. ಬೇಕಾದರೆ ಇವರನ್ನು ಕೇಳಿ."

ಅಯ್ಯನವರು ಯಾರನ್ನೂ ಕೇಳಲಿಲ್ಲ. ಕನ್ನಡಕ ಎತ್ತಿ ಹಾಕಿಕೊಂಡರು. ನನ್ನನ್ನು ನೋಡಿದರು.

"ತನಗಾಗಿ ಕೇಳಿದ ಆ ದೀಪವನ್ನು ಅವನು ಬೆಳಿಗ್ಗೆ ಆಳಿಗಾಗಿ ಇಳಿಸಿದ್ದರೆ, ಗಿದ್ಯೋನಾ, ನಿನ್ನ ಧೈರ್ಯ ಅಲ್ಲಿ ಯಾರಿಗೂ ಬೇಕಾಗುತ್ತಿರಲಿಲ್ಲ."