ಮೂರನೆಯ ಕಂಬದ ಕಂಚುಗಾರ

"ಗುರುಗಳೇ, ಇವತ್ತಿನ ಹಾಡುಗಾರಿಕೆ ಚೆನ್ನಾಗಿತ್ತೇ?" ಎಂದು ಶಿಷ್ಯ ಕೇಳಿದ.

ಬೆಳಗಿನ ಸಂಗೀತ ಕಚೇರಿ ಕೇಳಿಕೊಂಡು ಇಬ್ಬರೂ ಕೆರೆಯ ಏರಿಯ ಮೇಲೆ ನಡೆದು ಬರುತ್ತಿದ್ದರು. ಎರಡೂವರೆ ಗಂಟೆ ಗುರುಗಳ ಪಕ್ಕದಲ್ಲೇ ಕುಳಿತು ಶಿಷ್ಯನೂ ಅದೇ ಹಾಡನ್ನು ಕೇಳಿದ್ದ. ಗುರುಗಳು ಅವನನ್ನೊಮ್ಮೆ ನೋಡಿದರು. ಆಮೇಲೆ ಹೊಂಗೆ ಮರದ ನೆರಳನ್ನು ನೋಡಿದರು.

"ಕೂತುಕೋ. ಈ ಬಿಸಿಲಿನಲ್ಲಿ ನಡೆಯುತ್ತಾ ಉತ್ತರ ಹೇಳುವ ವಯಸ್ಸಲ್ಲ ನನ್ನದು" ಎಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕಂಚುಗಾರನಿದ್ದ. ಹಗಲೆಲ್ಲ ಕಂಚು ಬಡಿಯುವುದು ಅವನ ಕಸುಬು. ಶನಿವಾರ ಸಂಜೆ ಹಾಡು ಕೇಳುವುದು ಅವನ ಹುಚ್ಚು. ಕಸುಬಿನಿಂದ ಹೊಟ್ಟೆ ತುಂಬಿತು, ಹೆಸರು ಬಂದದ್ದು ಮಾತ್ರ ಹುಚ್ಚಿನಿಂದ.

ಆ ಕಾಲದ ಕಚೇರಿಗಳನ್ನು ನೀನು ನೋಡಿಲ್ಲ. ನೋಡದಿದ್ದದ್ದು ನಿನ್ನ ತಪ್ಪಲ್ಲ, ಆದರೂ ಅಯ್ಯೋ ಅನ್ನಿಸುತ್ತದೆ. ಊರ ನಡುವೆ ಹನ್ನೆರಡು ಮರದ ಕಂಬಗಳ ಮಂಟಪ. ಮೈಕಿಲ್ಲ, ಕುರ್ಚಿಯಿಲ್ಲ. ನೆಲಕ್ಕೊಂದು ಜಮಖಾನ. ಬೇಸಿಗೆಯಲ್ಲಿ ಪಾನಕ, ಚಳಿಗಾಲದಲ್ಲಿ ಶುಂಠಿ ಹಾಕಿದ ಕಾಫಿ. ತಂಬೂರಿ ಮೀಟಿದ್ದು ಕೇಳಿಸಿದರೆ ಸಾಕು, ಹಿಂದಿನ ಬೀದಿಯ ಬಾವಿಯಲ್ಲಿ ನೀರು ಸೇದುವ ಹೆಂಗಸರು ಹಗ್ಗ ಹಿಡಿದುಕೊಂಡು ಹಾಗೇ ನಿಂತುಬಿಡುತ್ತಿದ್ದರು. ರಾಟೆಯ ಕಿರುಗುಟ್ಟುವಿಕೆ ಹಾಡಿಗೆ ಅಡ್ಡ ಬರಬಾರದಲ್ಲ! ಒಂದು ಕೃತಿ ಮುಗಿದ ಮೇಲೆ ಮೇಲಕ್ಕೆ ಬರುತ್ತಿತ್ತು ಕೊಡ.

ಕಂಚುಗಾರ ಹದಿನೆಂಟರ ವಯಸ್ಸಿನಲ್ಲಿ ಮೊದಲ ಸಲ ಆ ಮಂಟಪದೊಳಕ್ಕೆ ಕಾಲಿಟ್ಟ. ಕೂರಲು ಜಾಗ ಸಿಗದೆ ಮೂರನೆಯ ಕಂಬಕ್ಕೆ ಒರಗಿ ನಿಂತ. ಅಂದು ಹಲ್ಲೆಲ್ಲ ಉದುರಿಹೋಗಿದ್ದ ಒಬ್ಬ ಮುದುಕರು ಕಾಂಭೋಜಿ ರಾಗ ಹಾಡಿದರು. ಮನೆಗೆ ಹೋದ ಮೇಲೂ ಅದು ಅವನ ಬೆನ್ನು ಬಿಡಲಿಲ್ಲ. ಮರುದಿನ ಸುತ್ತಿಗೆ ಎತ್ತಿದರೆ ಕಾಂಭೋಜಿ, ಇಳಿಸಿದರೆ ಕಾಂಭೋಜಿ. ಆಮೇಲಿನ ನಲವತ್ತು ವರ್ಷ ಅವನು ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಮಗನ ಮದುವೆಯ ಸಂಜೆಯೂ ಬೀಗರನ್ನು ಊಟಕ್ಕೆ ಕೂರಿಸಿ ಮಂಟಪಕ್ಕೆ ಓಡಿಬಂದಿದ್ದ. ಬೀಗರು ಇನ್ನೂ ಆ ಮಾತು ಎತ್ತುತ್ತಾರೆ. ಕಂಬ ಅವನದಾಯಿತು, ಅವನು ಕಂಬದವನಾದ. ಮುದುಕನಾದಾಗ ಊರಿನವರು ಅವನನ್ನು ಕಂಬದಜ್ಜ ಎಂದೇ ಕರೆದರು.

ಕೇಳಿ ಕೇಳಿ ಅವನ ಕಿವಿ ಹದವಾಗಿತ್ತು. ಹಾಡು ಚೆನ್ನಾಗಿದ್ದರೆ ಅವನ ತಲೆ ನಿಧಾನವಾಗಿ ಎರಡು ಸಲ ತೂಗುತ್ತಿತ್ತು. ಚೆನ್ನಾಗಿಲ್ಲದಿದ್ದರೆ ಅವನು ಬಾಯಿ ಬಿಟ್ಟು ಏನೂ ಹೇಳುತ್ತಿರಲಿಲ್ಲ. ಎಲೆಯಡಿಕೆ ಸಂಚಿ ಬಿಚ್ಚುತ್ತಿದ್ದ, ಅಷ್ಟೆ. ಊರಿನವರು ಇದನ್ನು ಗಮನಿಸಿದರು. ಮೊದಲು ಹಾಡು ಕೇಳಿ ಆಮೇಲೆ ಅವನ ಕಡೆ ನೋಡುತ್ತಿದ್ದರು. ಕೆಲವು ವರ್ಷ ಕಳೆದ ಮೇಲೆ ಮೊದಲು ಅವನ ಕಡೆ ನೋಡಿ ಆಮೇಲೆ ಹಾಡು ಕೇಳತೊಡಗಿದರು. ಕೊನೆಗೆ ಅವನ ಕಡೆ ನೋಡುವುದಷ್ಟೇ ಉಳಿಯಿತು. ಅವನ ತಲೆ ತೂಗಿದರೆ ಮಂಟಪದ ತಲೆಗಳೆಲ್ಲ ತೂಗುತ್ತಿದ್ದವು. ಅವನು ಸಂಚಿ ಬಿಚ್ಚಿದರೆ ಇನ್ನೂರು ಸಂಚಿ ಬಿಚ್ಚಿಕೊಳ್ಳುತ್ತಿದ್ದವು. ಸುಣ್ಣದ ಡಬ್ಬಿಗಳ ಟಿಕ್ ಟಿಕ್ ಸದ್ದಿನಲ್ಲಿ ಹಾಡುವವನ ಎದೆಯೇ ಒಡೆದುಹೋಗುತ್ತಿತ್ತು.

ಒಮ್ಮೆ ದೂರದೂರಿನಿಂದ ಒಬ್ಬ ಕೊಳಲಿನವನು ಬಂದಿದ್ದ. ಬೆಣ್ಣೆಯಂತೆ ನುಡಿಸುತ್ತಿದ್ದ. ಅಂದು ಕಂಚುಗಾರನಿಗೆ ಹಲ್ಲುನೋವು. ತಡೆಯಲಾರದೆ ಲವಂಗ ತೆಗೆಯಲೆಂದು ಸಂಚಿ ಬಿಚ್ಚಿದ. ಕ್ಷಣದಲ್ಲಿ ಮಂಟಪದ ತುಂಬ ಸಂಚಿಗಳು ಬಿಚ್ಚಿಕೊಂಡವು. ಕೊಳಲಿನವನ ಮುಖ ಸುಣ್ಣದಂತಾಯಿತು. ಗಡಿಬಿಡಿಯಲ್ಲಿ ಮಂಗಳ ನುಡಿಸಿ ಎದ್ದುಬಿಟ್ಟ. ಬೆಳಗಾಗುತ್ತಲೇ ಕಂಚುಗಾರ ನಿಜ ಹೇಳೋಣವೆಂದು ಬಸ್ ನಿಲ್ದಾಣಕ್ಕೆ ಓಡಿದ. ಬಸ್ಸು ಹೋಗಿತ್ತು. ಕೊಳಲಿನವನು ಆ ಊರಿನ ಕಡೆ ಮತ್ತೆ ತಲೆ ಹಾಕಲಿಲ್ಲ. ಹಲ್ಲು ಕಿತ್ತುಹಾಕಿಸಿಕೊಂಡ ಮೇಲೂ ಕಂಚುಗಾರನಿಗೆ ಆ ನೋವು ಹೋಗಲಿಲ್ಲ.

ನಲವತ್ತು ವರ್ಷದ ಸುತ್ತಿಗೆಯ ಪೆಟ್ಟು ಸುಮ್ಮನೆ ಬಿಡುತ್ತದೆಯೇ? ಕಂಚಿನ ಮೇಲೆ ಬಿದ್ದ ಪೆಟ್ಟೆಲ್ಲ ಕಿವಿಯ ಮೇಲೂ ಬಿದ್ದಿತ್ತು. ಮೊದಲು ಸಣ್ಣ ಸದ್ದುಗಳು ಹೋದವು. ಆಮೇಲೆ ದೊಡ್ಡವೂ ಹೋದವು. ಒಂದು ಬೆಳಿಗ್ಗೆ ತಾನೇ ಮಾಡಿದ ತಟ್ಟೆಯನ್ನು ಬೆರಳಿನಿಂದ ಬಾರಿಸಿದ. ಏನೂ ಕೇಳಿಸಲಿಲ್ಲ. ತಟ್ಟೆ ಒಡಕೆಂದು ಪಕ್ಕಕ್ಕಿಟ್ಟ. ಇನ್ನೊಂದನ್ನು ಬಾರಿಸಿದ. ಐದನೆಯ ತಟ್ಟೆಯ ಹೊತ್ತಿಗೆ ಒಡಕು ಯಾವುದೆಂದು ಅವನಿಗೆ ತಿಳಿಯಿತು.

ಅದು ಸೊಸೆಯೊಬ್ಬಳಿಗೇ ಗೊತ್ತಿತ್ತು. ಅವನ ಅಂಗಡಿಯಲ್ಲಿ ಒಂದು ಕಟ್ಟುಪಾಡಿತ್ತು. ಬಾರಿಸಿ ನೋಡದ ಪಾತ್ರೆಗೆ ಅವನು ತನ್ನ ಗುರುತು ಒತ್ತುತ್ತಿರಲಿಲ್ಲ. ಈಗ ಸೊಸೆ ಬಾರಿಸುತ್ತಿದ್ದಳು. ನಾದ ಸರಿಯಿದ್ದರೆ ಒಂದು ಬೆರಳು, ಒಡಕಿದ್ದರೆ ಎರಡು ಬೆರಳು ತೋರಿಸುತ್ತಿದ್ದಳು. ಅವನು ಅಂಗೈಯನ್ನು ಪಾತ್ರೆಗೆ ಒತ್ತಿ ಅದರ ನಡುಕವನ್ನು ನೋಡಿಕೊಂಡು, ಆಮೇಲೆ ಗುರುತು ಒತ್ತುತ್ತಿದ್ದ.

ಅಂಗಡಿಯಲ್ಲಿ ಹೀಗೆ ನಡೆಯಿತು, ಸರಿ. ಶನಿವಾರಕ್ಕೇನು ಮಾಡುವುದು? ಮನೆಯಲ್ಲಿ ಕೂತರೆ ಜೀವ ನಿಲ್ಲುತ್ತಿರಲಿಲ್ಲ. ಕಿವಿ ಹೋಯಿತೆಂದರೆ ಕಂಬವೂ ಹೋಗುತ್ತದೆ. ಅವನು ಯಾರಿಗೂ ಹೇಳದೆ ಹೋಗಿ ಕಂಬಕ್ಕೊರಗಿ ಕುಳಿತ. ಹಾಡುವವರ ತುಟಿ ನೋಡಿದ. ತಾಳ ಹಾಕುವ ಕೈ ನೋಡಿದ. ಯಾವ ಕೃತಿಯೆಂದು ಗೊತ್ತಾಯಿತು. ಗೊತ್ತಾದದ್ದೇ ತಡ, ಅದೇ ಕೃತಿಯನ್ನು ಅದೇ ಮಂಟಪದಲ್ಲಿ ಮೂವತ್ತು ನಲವತ್ತು ವರ್ಷದ ಹಿಂದೆ ಹಾಡಿದವರು ಬಂದು ಅವನ ತಲೆಯೊಳಗೆ ಕುಳಿತರು. ಒಂದು ಸ್ವರವೂ ಮಾಸಿರಲಿಲ್ಲ. ಹಲ್ಲಿಲ್ಲದ ಆ ಮುದುಕರು ಬಂದರು. ಕೆಮ್ಮುತ್ತಲೇ ಹಾಡುತ್ತಿದ್ದ ಸಣಕಲು ವಿದ್ವಾಂಸರು ಬಂದರು. ಪಿಟೀಲಿನ ತಂತಿ ಕಿತ್ತುಹೋದರೂ ನಿಲ್ಲಿಸದೆ ಮೂರೇ ತಂತಿಯಲ್ಲಿ ನುಡಿಸಿದ ಪುಣ್ಯಾತ್ಮ ಬಂದ. ಬಾವಿಯ ರಾಟೆಯೂ ನಿಂತಿತು. ಕಂಚುಗಾರನ ಕಣ್ಣು ತುಂಬಿತು, ತಲೆ ತೂಗಿತು. ಇನ್ನೂರು ತಲೆಗಳೂ ತೂಗಿದವು. ವೇದಿಕೆಯ ಮೇಲಿದ್ದವನು ತನಗೇ ಎಂದುಕೊಂಡು ಬೀಗಿದ.

ಹೀಗೆ ಮೂರು ವರ್ಷ ಕಳೆಯಿತು. ಸುಖವಾಗಿಯೇ ಕಳೆಯಿತು, ಸುಳ್ಳೇಕೆ?

ಆ ಮಂಟಪದಲ್ಲಿ ಜಮಖಾನ ಹಾಸುವವನೊಬ್ಬನಿದ್ದ. ಅವನಿಗೊಬ್ಬಳು ಮಗಳು. ಅಪ್ಪ ಹಾಸಿದ ಜಮಖಾನದ ಅಂಚಿನಲ್ಲಿ ಕುಳಿತು ಕೇಳಿ ಬೆಳೆದವಳು, ಆಮೇಲೆ ಒಬ್ಬ ಮೇಷ್ಟರ ಬಳಿ ಹನ್ನೊಂದು ವರ್ಷ ಪಾಠ ಹೇಳಿಸಿಕೊಂಡವಳು. ಅವಳಿಗೊಂದು ಕಚೇರಿ ಕೊಡಿ ಎಂದು ಮೇಷ್ಟರು ಕೇಳಿದಾಗ ಕಚೇರಿ ನಡೆಸುವ ಸಭೆಯ ಹಿರಿಯರು ಮುಖ ಮುಖ ನೋಡಿಕೊಂಡರು. ಹಾಸುವವನ ಮಗಳು ವೇದಿಕೆಯ ಮೇಲೆ ಕೂತು ಹಾಡುವುದೇ? ಬೇಡವೆನ್ನಲೂ ಬಾಯಿ ಬರಲಿಲ್ಲ. ಭಾರವನ್ನು ಕಂಬದ ಮೇಲೆ ಹೊರಿಸಿದರು. ಕಂಬದಜ್ಜ ತಲೆದೂಗಿದರೆ ಮುಂದಿನ ವರ್ಷದ ಉತ್ಸವದಲ್ಲಿ ಅವಳಿಗೊಂದು ದಿನ. ಸಂಚಿ ಬಿಚ್ಚಿದರೆ ಅವಳು ಮಂಟಪದ ಹೆಸರನ್ನು ಮತ್ತೆಂದೂ ಎತ್ತಬಾರದು.

ಜಮಖಾನದವನು ಅಂಗಡಿಗೆ ಬಂದು ಇದನ್ನು ಹೇಳಿ ಕೈ ಮುಗಿದು ಹೋದ. ಸೊಸೆ ಸನ್ನೆಯಲ್ಲಿ ಮಾವನಿಗೆ ವಿಷಯ ತಿಳಿಸಿದಳು. ಕಂಚುಗಾರನಿಗೆ ಅನ್ನ ಸೇರಲಿಲ್ಲ. ಜ್ವರವೆಂದು ಮಲಗಿಬಿಡೋಣವೆಂದುಕೊಂಡ. ಆದರೆ ತಾನು ಹೋಗದಿದ್ದರೆ ಹಿರಿಯರು ಅದನ್ನೇ ಬೇಡವೆಂದು ತಿಳಿಯುತ್ತಾರೆ. ಹೋದ.

ಹುಡುಗಿ ಮೊದಲು ಒಂದು ಸಣ್ಣ ಕೃತಿ ಹಾಡಿದಳು. ಕಂಚುಗಾರ ತುಟಿ ನೋಡಿ ಹಿಡಿದುಕೊಂಡ. ಆಮೇಲೆ ಅವಳು ತೊಡೆಯ ಮೇಲೆ ತಾಳ ಹಾಕುತ್ತಿದ್ದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಕಣ್ಣು ಮುಚ್ಚಿಕೊಂಡು ಆಲಾಪನೆಗೆ ತೊಡಗಿದಳು. ಅದಕ್ಕೆ ಮಾತಿಲ್ಲ, ತಾಳವಿಲ್ಲ. ತುಟಿ ಸ್ವಲ್ಪವೇ ತೆರೆದಿತ್ತು. ಪಿಟೀಲಿನವರು ಅವನಿಗೆ ಬೆನ್ನು ಮಾಡಿ ಕುಳಿತಿದ್ದರು. ಯಾವ ರಾಗ? ತೋಡಿಯೋ, ಕಲ್ಯಾಣಿಯೋ? ಅವನ ತಲೆಯೊಳಗೆ ಸತ್ತವರೆಲ್ಲ ಕರೆಯುವುದನ್ನೇ ಕಾಯುತ್ತ ನಿಂತಿದ್ದರು. ಯಾರನ್ನು ಕರೆಯಬೇಕೆಂದು ಅವನಿಗೆ ಗೊತ್ತಾಗಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಅವನೊಳಗೆ ಪೂರ್ತಿ ಮೌನವಾಯಿತು. ಅವನಿಗೆ ಹೆದರಿಕೆಯಾಯಿತು.

ಬಾಯಿ ಒಣಗಿತು. ಹಳೆಯ ಅಭ್ಯಾಸ, ಅವನಿಗೇ ಗೊತ್ತಿಲ್ಲದೆ ಕೈ ಸಂಚಿಗೆ ಹೋಯಿತು. ಹೋದದ್ದು ತಿಳಿದು ಅವನು ತಲೆಯೆತ್ತಿದ. ಮಂಟಪದ ಉದ್ದಕ್ಕೂ ಇನ್ನೂರು ಕೈಗಳು ಸಂಚಿಯ ಮೇಲಿದ್ದವು. ದೂರದಲ್ಲಿ ಜಮಖಾನದವನು ಗೋಡೆ ಹಿಡಿದು ನಿಂತಿದ್ದ. ಆ ಮುಖವನ್ನು ಕಂಚುಗಾರ ಹಿಂದೆಯೂ ನೋಡಿದ್ದ. ಅದು ಕೊಳಲಿನವನ ಮುಖ.

ತಲೆದೂಗಿದರೆ ಮುಗಿಯಿತು. ಎರಡು ಸಲ ಕತ್ತು ಆಡಿಸುವುದು ಏನು ಮಹಾ? ಹುಡುಗಿಗೆ ಉತ್ಸವ, ತನಗೆ ಕಂಬ, ಊರಿಗೆ ನೆಮ್ಮದಿ. ಆದರೆ ಈ ಹುಡುಗಿ ಅವನು ಬಾರಿಸಿ ನೋಡದ ಪಾತ್ರೆ. ಅವನಿಗೆ ಗುರುತು ಒತ್ತಲು ಕೈ ಬರಲಿಲ್ಲ.

ಕಂಚುಗಾರ ಎದ್ದು ನಿಂತ. ಹಾಡು ನಿಂತಿತು. ಕಿವುಡರು ಮಾತಾಡುವಂತೆ ಅವನು ಮಂಟಪವೆಲ್ಲ ಕೇಳುವ ಹಾಗೆ ಮಾತಾಡಿದ.

"ನಿಲ್ಲಿಸ್ಬೇಡ ಕಣವ್ವ. ತಪ್ಪು ನಿಂದಲ್ಲ, ನಂದು. ನಂಗೆ ಕಿವಿ ಕೇಳಿಸ್ದೆ ಮೂರು ವರ್ಷ ಆಯ್ತು. ಇಷ್ಟು ದಿನ ನಾನು ತಲೆದೂಗಿದ್ದು ಸತ್ತೋದೋರ ಹಾಡಿಗೆ. ಇವ್ರು ತಲೆದೂಗಿದ್ದು ನನ್ ತಲೆಗೆ. ನಿನ್ ಹಾಡ್ನ ಇಲ್ಲಿ ಇನ್ನೂ ಯಾರೂ ಕೇಳಿಲ್ಲ ಕಣವ್ವ."

ಹೇಳಿದವನು ಸಂಚಿಯನ್ನು ಕಂಬದ ಬುಡದಲ್ಲಿಟ್ಟು ಹೊರಟ. ನಲವತ್ತು ವರ್ಷ ಬೆನ್ನು ಒರಗಿ ನುಣುಪಾಗಿದ್ದ ಕಂಬವನ್ನು ಒಮ್ಮೆ ಸವರಿದ. ಅಳು ಬಂತು, ಮರೆಮಾಚಲಿಲ್ಲ.

ಹುಡುಗಿ ವೇದಿಕೆಯಿಂದ ಇಳಿದು ಬಂದಳು. ಅವನ ಕೈ ಹಿಡಿದು ಮೇಲಕ್ಕೆ ಕರೆದೊಯ್ದು ತಂಬೂರಿಯ ಪಕ್ಕದಲ್ಲಿ ಕೂರಿಸಿದಳು. ಅವನ ಅಂಗೈಯನ್ನು ತಂಬೂರಿಯ ಬುರುಡೆಗೆ ಒತ್ತಿದಳು. ಆಮೇಲೆ ತನ್ನ ಜಾಗಕ್ಕೆ ಹೋಗಿ, ನಿಲ್ಲಿಸಿದ ಕಡೆಯಿಂದಲೇ ಹಾಡಿದಳು.

ಬುರುಡೆ ನಡುಗುತ್ತಿತ್ತು. ಒಳ್ಳೆಯ ಕಂಚಿನ ನಡುಕವೇ ಅದು, ಅಂಗೈಗೆ ಗುರುತು ಸಿಕ್ಕಿತು. ರಾಗ ಯಾವುದೆಂದು ಅವನಿಗೆ ಆಗಲೂ ತಿಳಿಯಲಿಲ್ಲ. ತಿಳಿಯಬೇಕೆನಿಸಲೂ ಇಲ್ಲ. ಅವನು ಜೀವಮಾನದಲ್ಲೇ ಮೊದಲ ಸಲ ವೇದಿಕೆಯಿಂದ ಮಂಟಪವನ್ನು ನೋಡಿದ. ಜನ ಅಭ್ಯಾಸಬಲದಿಂದ ಮೂರನೆಯ ಕಂಬದ ಕಡೆ ನೋಡಿದರು. ಅಲ್ಲಿ ಒಂದು ಸಂಚಿಯಷ್ಟೇ ಇತ್ತು. ಅಪ್ಪನ ಕೈ ತಪ್ಪಿದ ಮಕ್ಕಳಂತೆ ಅವರು ಸ್ವಲ್ಪ ಹೊತ್ತು ಚಡಪಡಿಸಿದರು. ಆಮೇಲೆ ಒಬ್ಬೊಬ್ಬರಾಗಿ ಹುಡುಗಿಯ ಕಡೆ ತಿರುಗಿದರು. ಯಾವಾಗಲೂ ಕಂಚುಗಾರನ ಹಿಂದೆಯೇ ತಲೆದೂಗುತ್ತಿದ್ದ ದಿನಸಿ ವ್ಯಾಪಾರಿ ಅಲ್ಲಾಡದೆ ಕುಳಿತಿದ್ದ. ಹಿಂದಿನ ಸಾಲಿನಲ್ಲಿ ಒಬ್ಬಳು ಅಜ್ಜಿಯ ತಲೆ ತೂಗಿತು. ಎಷ್ಟೋ ಹೊತ್ತಿನ ಮೇಲೆ, ಬೇರೆ ಇನ್ನೆಲ್ಲೋ, ಇನ್ನೊಂದು ತಲೆ ತೂಗಿತು. ಎಡಗಡೆ ಒಬ್ಬ ಹುಬ್ಬು ಗಂಟಿಕ್ಕಿದ. ಒಂದು ತಲೆಯೂ ಇನ್ನೊಂದರ ಜೊತೆಗೆ ಆಡಲಿಲ್ಲ.

ಮರುದಿನ ಬೆಳಗಾದರೆ ಊರಿನಲ್ಲಿ ಜಗಳವೋ ಜಗಳ. ಮೇಲಿನ ಷಡ್ಜದಲ್ಲಿ ಹುಡುಗಿ ಜಾರಿದಳೆಂದು ಕ್ಷೌರದಂಗಡಿಯಲ್ಲಿ ಒಬ್ಬ ಹೇಳಿದ. ಜಾರಲಿಲ್ಲ, ಬೇಕೆಂದೇ ಹಾಗೆ ಇಳಿದಳೆಂದು ಇನ್ನೊಬ್ಬ ಅರ್ಧ ಸೋಪು ಹಚ್ಚಿದ ಮುಖದಲ್ಲೇ ಎದ್ದು ನಿಂತ. ಬಾವಿಯ ಬಳಿ ಎರಡು ಪಕ್ಷಗಳಾದವು. ಮೂವತ್ತು ವರ್ಷ ಸಂಸಾರ ಮಾಡಿದ ಗಂಡ ಹೆಂಡತಿ ಆ ಒಂದು ಸ್ವರಕ್ಕಾಗಿ ಮಾತು ಬಿಟ್ಟರು. ಹಿರಿಯರಿಗೆ ತೀರ್ಮಾನ ಮಾಡಲಾಗಲಿಲ್ಲ. ಇನ್ನೊಮ್ಮೆ ಕೇಳಿಯೇ ಹೇಳೋಣವೆಂದು ಅವಳನ್ನು ಮುಂದಿನ ಶನಿವಾರಕ್ಕೂ ಕರೆದರು. ಅದರ ಮುಂದಿನ ಶನಿವಾರಕ್ಕೂ ಕರೆದರು.

ಕಂಚುಗಾರ ಅಂಗಡಿಯ ಬಾಗಿಲಲ್ಲಿ ಕುಳಿತು ಬೀದಿಯಲ್ಲಿ ಆಡುತ್ತಿದ್ದ ಬಾಯಿಗಳನ್ನು ನೋಡುತ್ತಿದ್ದ. ಏನು ಜಗಳವೆಂದು ಸೊಸೆ ಸನ್ನೆಯಲ್ಲಿ ಹೇಳಿದಳು. ಅವನು ನಕ್ಕ. ಹಲ್ಲಿಲ್ಲದ ಮುದುಕರ ಕಾಂಭೋಜಿ ಕೇಳಿದ ಮರುದಿನ ಅವನು ಹೀಗೆಯೇ ಪಕ್ಕದಂಗಡಿಯವನ ಜೊತೆ ಹೊಡೆದಾಟಕ್ಕೆ ನಿಂತಿದ್ದ. ಆಗ ಅವನಿಗೆ ತಲೆದೂಗಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಎಂಥಾ ದಿನಗಳವು ಎಂದು ಅವನ ಮನಸ್ಸು ತುಂಬಿಬಂತು. ಶನಿವಾರ ಬಂದಾಗ ಅವನು ಮಡಿ ಪಂಚೆ ಉಟ್ಟು ಮಂಟಪಕ್ಕೆ ಹೋದ. ತಂಬೂರಿಯ ಪಕ್ಕದಲ್ಲಿ ಕುಳಿತು ಬುರುಡೆಗೆ ಕೈಯಿಟ್ಟ. ಅವನು ತಲೆದೂಗಿದನೋ ಇಲ್ಲವೋ ಎಂದು ಯಾರೂ ನೋಡಲಿಲ್ಲ.

ಗುರುಗಳು ಕತೆ ನಿಲ್ಲಿಸಿ ಎದ್ದರು. ಅಂಗವಸ್ತ್ರದ ಧೂಳು ಕೊಡವಿದರು. ಶಿಷ್ಯನೂ ಎದ್ದ. ನಾಲ್ಕು ಹೆಜ್ಜೆ ನಡೆದ. ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟ.

"ಹಾಗಾದರೆ ಗುರುಗಳೇ, ಆ ಹುಡುಗಿ ಜಾರಿದ್ದು ನಿಜವೇ? ಅವಳು ಹಾಡಿದ್ದು ಚೆನ್ನಾಗಿತ್ತೇ, ಇಲ್ಲವೇ?"

ಗುರುಗಳು ನಡೆಯುತ್ತಲೇ ಹೇಳಿದರು: "ಇವತ್ತು ಕಚೇರಿಯಲ್ಲೂ ನೀನು ನನ್ನ ಮುಖವನ್ನೇ ನೋಡುತ್ತಿದ್ದೆ."