ನಾಲ್ಕು ಪಾಲಾದ ಮಾತ್ರೆ

ವೈದ್ಯವಿದ್ಯೆ ಕಲಿಯುತ್ತಿದ್ದ ಶಿಷ್ಯೆಯೊಬ್ಬಳು ಕೇಳಿದಳು: "ಗುರುಗಳೇ, ಕಾಯಿಲೆಯವರು ಆಸ್ಪತ್ರೆಗೆ ಬಂದೇ ಬರುತ್ತಾರೆ. ಮತ್ತೆ ನಮ್ಮನ್ನು ಮನೆಮನೆಗೆ ಯಾಕೆ ಅಲೆಸುತ್ತೀರಿ?"

ಗುರು ಈ ಕತೆ ಹೇಳಿದರು.

ಒಂದೂರಿಗೆ ಹೊಸ ವೈದ್ಯ ಬಂದ. ಓದಿನಲ್ಲಿ ಎಲ್ಲರಿಗಿಂತ ಮುಂದಿದ್ದವನು. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಚಾಪೆ ಹೆಣೆಯುವ ಹೆಂಗಸೊಬ್ಬಳು ಕೆಮ್ಮುವ ಮಗಳನ್ನು ಬೆನ್ನ ಮೇಲೆ ಹೊತ್ತು ತಂದಳು. ವೈದ್ಯ ಪರೀಕ್ಷಿಸಿ ಕ್ಷಯ ಎಂದ. ದಿನಕ್ಕೊಂದರಂತೆ ತಿಂಗಳಿಗಾಗುವಷ್ಟು ಮಾತ್ರೆ ಕೊಟ್ಟ. ತಿಂಗಳು ಕಳೆದರೂ ಹುಡುಗಿ ಚೇತರಿಸಿಕೊಳ್ಳಲಿಲ್ಲ. ಮತ್ತೆ ಕೊಟ್ಟ. ಮೂರನೆಯ ತಿಂಗಳಿಗೆ ಅವಳು ಮೂಳೆ ಚಕ್ಕಳವಾದಳು. ಹೀಗೇ ಆದರೆ ಉಳಿಯುವುದಿಲ್ಲ ಎಂದು ಅವನಿಗೆ ಖಾತ್ರಿಯಾಯಿತು. ತಾಯಿ ಮಾತ್ರೆ ಎಸೆಯುತ್ತಿರಬೇಕು ಎಂದುಕೊಂಡ. ಪಿತ್ತ ನೆತ್ತಿಗೇರಿ, ಒಂದು ಮಧ್ಯಾಹ್ನ ಹೇಳದೆ ಕೇಳದೆ ಅವಳ ಮನೆಗೆ ಹೋದ.

ಅವಳು ಮಾತ್ರೆಯನ್ನು ಕಲ್ಲಿನ ಮೇಲೆ ಅರೆದು ನಾಲ್ಕು ಪಾಲು ಮಾಡುತ್ತಿದ್ದಳು. ಎದುರಿಗೆ ನಾಲ್ಕು ಮಕ್ಕಳು ಕೂತಿದ್ದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ ಎಂದುಕೊಂಡ ವೈದ್ಯ. ಒಬ್ಬಳ ಮದ್ದನ್ನು ಹೀಗೆ ಹಂಚಿದರೆ ಅದು ಯಾರಿಗೂ ಮದ್ದಲ್ಲ, ಮಗಳನ್ನು ನೀನೇ ಕೊಲ್ಲುತ್ತಿದ್ದೀಯೆ ಎಂದು ಗದರಿದ.

"ನಾಕೂ ಕೆಮ್ತಾವೆ ಸ್ವಾಮಿ," ಎಂದಳು ಅವಳು. "ಏಳಲಾರದೋಳನ್ನ ಹೊತ್ಕೊಂಡು ಬಂದೆ. ನೀವು ಅವಳೊಬ್ಬಳಿಗೆ ಕೊಟ್ರಿ. ಮಿಕ್ಕ ಮೂರಕ್ಕೆ ನಾನು ಯಾವ ಬಾಯಲ್ಲಿ ಇಲ್ಲ ಅನ್ಲಿ?"

ಅವನು ಒಬ್ಬೊಬ್ಬರ ಎದೆಗೂ ಕಿವಿಯಿಟ್ಟ. ಅವಳ ಮಾತು ನಿಜವಾಗಿತ್ತು. ಕಲ್ಲಿನತ್ತ ನೋಡಿದ. ತಕ್ಕಡಿ ಹಿಡಿದು ತೂಗಿದರೂ ಪಾಲು ಅಷ್ಟು ಸಮ ಬರುತ್ತಿರಲಿಲ್ಲ. ಅಷ್ಟರಲ್ಲಿ ತಾಯಿ ಮುಖ ತಿರುಗಿಸಿ, ಸೆರಗನ್ನು ಬಾಯಿಗೊತ್ತಿ ಕೆಮ್ಮಿದಳು. ಅವಳಿಗೂ ಅದೇ ಕೆಮ್ಮು. ಕಲ್ಲಿನ ಮೇಲೆ ಐದನೆಯ ಪಾಲು ಇರಲಿಲ್ಲ.

ಬೈಯಲು ಬಂದ ವೈದ್ಯ ತಾನಾಗಿ ಅವಳಿಗೆ ಕೈ ಮುಗಿದ. ಇಷ್ಟು ದೊಡ್ಡ ಮನಸ್ಸಿನ ಬಗ್ಗೆ ಅವನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಮಾರನೆಯ ದಿನ ಐವರಿಗೂ ಸಾಲುವಷ್ಟು ಮದ್ದನ್ನು ತಾನೇ ಹೊತ್ತು ತಂದ. ಆಮೇಲೂ ವಾರಕ್ಕೊಮ್ಮೆ ಬರುತ್ತಲೇ ಇದ್ದ. ವರ್ಷ ತುಂಬುವ ಹೊತ್ತಿಗೆ ಆ ಹುಡುಗಿ ತಾನೇ ಚಾಪೆ ಹೆಣೆಯುತ್ತಿದ್ದಳು.

ಕತೆ ಮುಗಿಯಿತು. ಶಿಷ್ಯೆಗೆ ಸಮಾಧಾನವಾಗಲಿಲ್ಲ. "ಏನೇ ಆದರೂ, ಆ ತಾಯಿ ಮಾಡಿದ್ದು ತಪ್ಪಲ್ಲವೇ?" ಎಂದಳು.

"ತಪ್ಪೇ," ಎಂದರು ಗುರು, "ಆದರೆ ಆ ವೈದ್ಯ ಹೊಸ್ತಿಲು ತುಳಿಯುವವರೆಗೆ ಆ ಮನೆಗಿದ್ದ ವೈದ್ಯೆ ಅವಳೊಬ್ಬಳೇ."