ಬನ್ನಿ ಕೊಡದ ದೊರೆ

"ಬೆಳ್ವಟ್ಟಿ ಸೀಮೆಯ ಪ್ರಜೆಗಳೇ, ಪರದೇಶದಿಂದ ಬಂದವರೇ, ಕೇಳಿರಿ. ದೊರೆ ಮಹೀಧರನು ಮೂರು ನಾಡುಗಳ ಹಬ್ಬಗಳ ಮೇಲೆ ಮೂರು ಒಗಟು ಕೇಳುತ್ತಾನೆ. ಮೂರನ್ನೂ ಬಿಡಿಸಿದವರಿಗೆ ಅರ್ಧ ರಾಜ್ಯ. ಒಂದು ತಪ್ಪಿದರೂ ವಿಜಯದಶಮಿಯ ದಿನ ತಲೆ ಹೋಗುವುದು."

ಡಂಗುರದವನು ಮುಂದಿನ ಓಣಿಗೆ ಹೋದ ಮೇಲೆ ಜನ ಮುಖ ಮುಖ ನೋಡಿಕೊಂಡರು. ಹಬ್ಬದ ಹೆಸರೆತ್ತಬಾರದು ಎಂದು ಅಪ್ಪಣೆ ಮಾಡಿದವನೇ ಈಗ ಹಬ್ಬದ ಒಗಟು ಕೇಳುತ್ತಾನಂತೆ. ದೊರೆಗೂ ಅವನ ತಮ್ಮ ವೀರಸೇನನಿಗೂ ಹಿಂದೆ ಜಗಳವಾಗಿ, ತಮ್ಮ ಹೊಳೆಯಾಚೆ ಹೋಗಿ ಕೂತಿದ್ದ. ಅವನೇ ಮೊದಲು ಬರಲಿ ಎಂದು ಇವನು, ಅಣ್ಣನೇ ಕರೆಯಲಿ ಎಂದು ಅವನು. ಹಾಗೇ ಹಟ ಹಿಡಿದಿರುವಾಗ ತಮ್ಮ ಜ್ವರ ಬಂದು ತೀರಿಕೊಂಡ. ಅಂದಿನಿಂದ ಬೆಳ್ವಟ್ಟಿಯಲ್ಲಿ ಹಬ್ಬವಿಲ್ಲ. ಅರಮನೆಯ ದುಃಖಕ್ಕೆ ಊರೆಲ್ಲ ಹೋಳಿಗೆ ಬಿಡಬೇಕು, ನೋಡಿ.

ಅರ್ಧ ರಾಜ್ಯವೆಂದರೆ ಯಾರಿಗೆ ಬೇಡ? ಮೊದಲು ಕಡಲತೀರದ ರಾಜಕುಮಾರ ಬಂದ. ದೊರೆ ಕೇಳಿದ: "ಹಿಮದ ನಾಡಿನಲ್ಲಿ ದೊಡ್ಡ ಉಪವಾಸದ ಮುನ್ನಾದಿನ ಹಬ್ಬದೂಟ ಮಾಡಿ, ಊರಿನವರೆಲ್ಲ ಒಬ್ಬರಿಗೊಬ್ಬರು ಬಾಗಿ ಕ್ಷಮೆ ಕೇಳುತ್ತಾರೆ. ಅವರಲ್ಲಿ ತಪ್ಪು ಮಾಡಿದವನನ್ನು ಗುರುತಿಸುವುದು ಹೇಗೆ?" ಮೊದಲು ಬಾಗಿದವನೇ ತಪ್ಪಿತಸ್ಥ ಎಂದ ರಾಜಕುಮಾರ ಸೆರೆಮನೆ ಸೇರಿದ. ಎಲ್ಲರಿಗಿಂತ ಹೆಚ್ಚು ಬಾಗಿದವನು ಎಂದ ಒಬ್ಬ ಪಂಡಿತನೂ ಅಲ್ಲಿಗೇ ಹೋದ. ಅವರ ಹಿಂದೆ ಕಂಬಳಿ ನೇಯುವ ಬೀರಣ್ಣ ಬಂದು, ಅಳುವವನು ಎಂದ. ಅವನನ್ನೂ ಒಳಗೆ ತಳ್ಳಿದರು.

ಸುದ್ದಿ ಬೀರಣ್ಣನ ತಮ್ಮ ಮಾಳಪ್ಪನಿಗೆ ಮುಟ್ಟಿತು. ಅಪ್ಪ ಬಿಟ್ಟುಹೋದ ಒಂದು ಟಗರಿಗಾಗಿ ಜಗಳವಾಡಿ, ನಡುವೆ ಗೋಡೆ ಎಬ್ಬಿಸಿ, ಮಾತು ಬಿಟ್ಟ ಅಣ್ಣತಮ್ಮಂದಿರು ಅವರು. ಟಗರು ಯಾವತ್ತೋ ಸತ್ತಿತ್ತು, ಗೋಡೆ ಮಾತ್ರ ಉಳಿದಿತ್ತು. ಆಚೆಯಿಂದ ಅಣ್ಣನ ಕೆಮ್ಮು ಕೇಳಿದಾಗಲೆಲ್ಲ ಮಾಳಪ್ಪ ಎದ್ದು ಹೊಸ್ತಿಲ ತನಕ ಹೋಗಿ ತಿರುಗಿ ಬರುತ್ತಿದ್ದ. ಈಗ ಅಣ್ಣನ ತಲೆಯೇ ಹೋಗುತ್ತದೆಂದು ಕೇಳಿ ಅವನು ಮಗ್ಗ ಬಿಟ್ಟೆದ್ದು ನೆಟ್ಟಗೆ ಅರಮನೆಗೆ ನಡೆದ.

ದೊರೆ ಅದೇ ಒಗಟು ಕೇಳಿದ. ಮಾಳಪ್ಪ ನೆಲ ನೋಡುತ್ತ ಹೇಳಿದ: "ಗುರುತು ಹಿಡಿಯಾಕ ಆಗೂದಿಲ್ಲ, ಮಹಾರಾಜ. ಆಗಬಾರದಂತನ ಎಲ್ಲಾರೂ ಒಂದ ದಿನ ಬಾಗತಾರ. ತಪ್ಪು ಮಾಡಿದಾಂವ ಒಬ್ಬನ ಬಾಗಬೇಕಂದ್ರ ಜೀವ ಹೋದಂಗ ಆಗತೈತಿ."

ದೊರೆ ಎರಡನೆಯದು ಕೇಳಿದ: "ಮರಳುನಾಡಿನಲ್ಲಿ ತಿಂಗಳ ಉಪವಾಸ ಮುಗಿದು, ಚಂದ್ರ ಕಂಡ ಮರುದಿನ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಾರೆ. ಅಷ್ಟು ಹತ್ತಿರವಿದ್ದರೂ ಆಗ ಇಬ್ಬರಿಗೂ ಕಾಣದಿರುವುದು ಯಾವುದು?"

"ಒಬ್ಬರ ಮುಖ ಒಬ್ಬರಿಗೆ ಕಾಣೂದಿಲ್ಲ. ಮುಖ ಎತ್ತಿ ನೋಡಾಕ ನಾಚಿಕಿ ಬಂದಾವರಿಗೆ ಅಷ್ಟ ಸಾಕು."

ಮೂರನೆಯದನ್ನು ಕೇಳುವಾಗ ದೊರೆಯ ದನಿ ಇಳಿದಿತ್ತು. "ನಮ್ಮ ನಾಡಿನಲ್ಲಿ ದಸರೆಗೆ ಬನ್ನಿ ಎಲೆಯನ್ನು ಬಂಗಾರವೆಂದು ಕೊಡುತ್ತಿದ್ದರು. ಅದು ಬರೀ ಎಲೆಯೆಂದು ಕೊಡುವವನಿಗೂ ಗೊತ್ತು, ತೆಗೆದುಕೊಳ್ಳುವವನಿಗೂ ಗೊತ್ತು. ಹಾಗಾದರೆ ಅವರು ಕೊಡುತ್ತಿದ್ದುದು ಏನನ್ನು?"

ಮಾಳಪ್ಪನ ಕಣ್ಣು ತುಂಬಿತ್ತು.

"ನೆವ, ಮಹಾರಾಜ. ಬರಿಗೈಲೆ ಹೋದ್ರ ಸೋತು ಬಂದ ಅಂತಾರ. ಎಲಿ ಹಿಡಕೊಂಡು ಹೋದ್ರ ಹಬ್ಬಕ್ಕ ಬಂದ ಅಂತಾರ. ನೀವು ಹಬ್ಬ ನಿಲ್ಲಿಸಿದ ಮ್ಯಾಲೆ ನಮಗ ಆ ನೆವನೂ ಇಲ್ಲದಂಗಾತು."

ಹೀಗೆ ಹೇಳಿದ ಮೇಲೆ ತನ್ನ ತಲೆಯೂ ಹೋಯಿತೆಂದೇ ಅವನು ಅಂದುಕೊಂಡ. ದೊರೆ ಸಿಂಹಾಸನದಿಂದಿಳಿದು ಹತ್ತಿರ ಬಂದ. ಮೂರೂ ಸರಿ ಎಂದು ಒಪ್ಪಿ, ಡಂಗುರದಲ್ಲಿ ಸಾರದೇ ಇದ್ದ ಇನ್ನೊಂದು ಮಾತು ಕೇಳಿದ: "ಎಲೆ ಹಿಡಿದು ಹೋದಾಗ ಆ ಮನೆಯಲ್ಲಿ ಅವನೇ ಇಲ್ಲದಿದ್ದರೆ?"

"ಅದು ನನಗ ಗೊತ್ತಿಲ್ರಿ."

"ನನಗೂ ಗೊತ್ತಿಲ್ಲ," ಎಂದ ದೊರೆ. "ಬಂದ ಪರದೇಶಿಗಳನ್ನೆಲ್ಲ ಅವರ ಹಬ್ಬ ಹೇಗೆಂದು ಕೇಳಿದ್ದೇನೆ. ಸತ್ತವರಿಗೆ ನೀರಲ್ಲಿ ದೀಪ ಬಿಡುವವರಿದ್ದಾರೆ, ಎಡೆ ಇಡುವವರಿದ್ದಾರೆ. ಸತ್ತವನು ತಿರುಗಿ ಮಾತಾಡುವ ಹಬ್ಬ ಯಾರಲ್ಲೂ ಇಲ್ಲ."

ಮಾಳಪ್ಪ ರಾಜ್ಯ ಕೇಳಲಿಲ್ಲ, ಸೆರೆಯಲ್ಲಿದ್ದವರ ತಲೆ ಉಳಿಸಿರೆಂದು ಕೇಳಿದ. ದೊರೆ ಎಲ್ಲರನ್ನೂ ಬಿಡಿಸಿದ. ಕೊಟ್ಟ ಮಾತಿನಂತೆ ಅರ್ಧ ರಾಜ್ಯವನ್ನೂ ಮಾಳಪ್ಪನಿಗೆ ಕೊಟ್ಟ. ಅದು ಹೊಳೆಯಾಚೆಯ, ವೀರಸೇನನ ಪಾಲಿನ ಅರ್ಧ.

ಆ ವರ್ಷ ದಸರೆ ನಡೆಯಿತು. ಮಾಳಪ್ಪ ಅಣ್ಣನಿಗೆ ಬನ್ನಿ ಕೊಟ್ಟು ಕಾಲು ಮುಟ್ಟಿದ, ಅಣ್ಣ ಅವನನ್ನೆತ್ತಿ ಅಪ್ಪಿಕೊಂಡು ಅತ್ತ. ಊರಿನವರು ಸಾಲುಗಟ್ಟಿ ಬಂದು ದೊರೆಗೂ ಬನ್ನಿ ಕೊಟ್ಟರು. ಅವನು ಎಲ್ಲರಿಂದಲೂ ತೆಗೆದುಕೊಂಡ, ಎಲ್ಲರನ್ನೂ ಹರಸಿದ. ತಾನೇ ಕಿತ್ತು ತಂದ ಒಂದೆಲೆಯನ್ನು ಮಾತ್ರ ಯಾರಿಗೂ ಕೊಡದೆ, ಕತ್ತಲಾಗುವ ತನಕ ಹೊಳೆಯ ದಂಡೆಯಲ್ಲಿ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ.